ಆಯುಸ್ಸಿನ ಲೆಕ್ಕ ಮತ್ತು ಆಡದೆ ಉಳಿದ ಮಾತು

ನೀಲಗಿರಿಯ ಬಡಗ ಸಮುದಾಯದಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಮನೆಯವರೊಬ್ಬರ ಅಂತ್ಯಕಾಲ ಸಮೀಪಿಸಿತೆಂದು ತೋರಿದಾಗ ವೀರರಾಯ ಹಣವೆಂಬ ಪುಟ್ಟ ಚಿನ್ನದ ನಾಣ್ಯವನ್ನು ಬೆಣ್ಣೆಯಲ್ಲೋ ತುಪ್ಪದಲ್ಲೋ ಅದ್ದಿ ಅವರಿಗೆ ನುಂಗಲು ಕೊಡುತ್ತಿದ್ದರು. ನುಂಗುವ ಶಕ್ತಿ ಉಡುಗಿದ್ದರೆ ಅದನ್ನು ತೋಳಿಗೆ ಕಟ್ಟುತ್ತಿದ್ದರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಈ ಪದ್ಧತಿಯ ಉಲ್ಲೇಖವಿದೆ. ಇದನ್ನು ಓದಿದಂದಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಆ ನಾಣ್ಯವನ್ನು ಪೆಟ್ಟಿಗೆಯಿಂದ ತೆಗೆಯಬೇಕಾದರೆ ಯಾರಾದರೊಬ್ಬರು ‘ಈಗ ಸಮಯವಾಯಿತು’ ಎಂದು ನಿರ್ಧರಿಸಬೇಕು. ಮಲಗಿದವರಿಗೆ ಎಚ್ಚರವಿದ್ದರೆ ನಾಣ್ಯ ತುಟಿಗೆ ತಾಗಿದ ಕ್ಷಣದಲ್ಲಿ ಅವರಿಗೂ ವಿಷಯ ತಿಳಿಯಬೇಕು. ಎಂದರೆ, ಸಾವನ್ನು ಮುಂಗಾಣುವುದು, ಮುಂಗಂಡದ್ದನ್ನು ಸಾಯುವವರಿಗೆ ತಿಳಿಸುವುದು, ಈ ಎರಡೂ ಒಂದು ಮನೆತನದ ಕರ್ತವ್ಯಗಳಾಗಿದ್ದವು.

ಇಂದು ಈ ಎರಡು ಕರ್ತವ್ಯಗಳು ಬೇರ್ಪಟ್ಟಿವೆ. ಮುಂಗಾಣುವ ಕೆಲಸ ಆಸ್ಪತ್ರೆಗೆ ಹೋಗಿದೆ. ತಿಳಿಸುವ ಕೆಲಸ ಯಾರದೆಂಬುದು ಇತ್ಯರ್ಥವಾಗದೆ ಉಳಿದಿದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗುವವರ ವಿಷಯದಲ್ಲಿ ಈ ಪ್ರಶ್ನೆ ಎಷ್ಟು ತೀಕ್ಷ್ಣವಾದುದೆಂದು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ತಪ್ಪಿನಿಂದ ಕಲಿತವನು. ಆ ತಪ್ಪನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ನನ್ನ ಸೋದರಮಾವ ಗುಂಡ್ಲುಪೇಟೆಯ ಕಡೆಯಿಂದ ಬಂದು ಮಸಿನಗುಡಿಯ ಬಳಿ ನೆಲೆಸಿದವರು. ತರಕಾರಿ ಬೆಳೆಯುತ್ತಿದ್ದರು. ಇಪ್ಪತ್ತನೆಯ ವಯಸ್ಸಿನಿಂದಲೂ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಅವರ ಬಾಯಿಯನ್ನು ಬಿಟ್ಟದ್ದಿಲ್ಲ. ನಾಲಗೆಯ ಎಡ ಅಂಚಿನಲ್ಲಿ ಎದ್ದ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಅಷ್ಟರಲ್ಲಿ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಅವರನ್ನು ಕರೆದೊಯ್ದವನು ನಾನು. ಅಲ್ಲಿನ ವೈದ್ಯರು ಸಜ್ಜನರು; ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕಾಲು ಗಂಟೆ ವಿವರಿಸಿದರು. ನಾಲಗೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆಯಬೇಕು, ಕುತ್ತಿಗೆಯ ಗ್ರಂಥಿಗಳನ್ನು ತೆಗೆಯಬೇಕು, ಆಮೇಲೆ ವಿಕಿರಣ ಚಿಕಿತ್ಸೆ. ಇಷ್ಟೆಲ್ಲ ಮಾಡಿದರೂ ಇಂಥ ಹಂತದಲ್ಲಿರುವ ಹತ್ತು ಜನರಲ್ಲಿ ಐದು ವರ್ಷ ಕಳೆಯುವವರು ನಾಲ್ವರು ಅಥವಾ ಐವರು ಎಂದರು. ಮಾವನಿಗೆ ವ್ಯವಹಾರದ ತಮಿಳು ಬರುತ್ತಿತ್ತು, ಈ ತಮಿಳು ಬರುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು. “ಆಪರೇಷನ್ ಮಾಡಿದರೆ ಗುಣವಾಗುತ್ತದಂತೆ ಮಾವ” ಎಂದೆ.

ಮೇಟ್ಟುಪಾಳ್ಯ ದಾಟಿ ಬಸ್ಸು ಘಟ್ಟ ಹತ್ತುವಾಗ ಅವರು ಕೇಳಿದರು: “ಅಳಿಯಾ, ಆ ಡಾಕ್ಟ್ರು ಅಷ್ಟೊತ್ತು ಮಾತಾಡುದ್ರು. ನೀ ಹೇಳಿದ್ದು ಇಷ್ಟೇಯಾ?” ನಾನು ಕಿಟಕಿಯ ಕಡೆ ತಿರುಗಿದೆ.

ಆ ಕಾಲು ಗಂಟೆಯ ಮಾತಿನಲ್ಲಿ ಏನಿತ್ತು ಎಂಬುದನ್ನು ಈಗ ಸಾವಧಾನವಾಗಿ ನೋಡಬೇಕು. ಆಯುಸ್ಸನ್ನು ಕುರಿತು ನಮಗೆ ಪರಿಚಿತವಾದ ಶಾಸ್ತ್ರ ಜ್ಯೋತಿಷ್ಯದ ಆಯುರ್ದಾಯ. ಅದು ಒಂದು ಜಾತಕಕ್ಕೆ ಒಂದು ಲೆಕ್ಕ ಹಾಕುತ್ತದೆ. ವೈದ್ಯರ ಬಾಯಿಂದ ಹೊರಡುವ ಅಂಕಿಯನ್ನೂ ನಾವು ಅದೇ ಕಿವಿಯಿಂದ ಕೇಳುತ್ತೇವೆ. ಆದರೆ ಇದರ ಹುಟ್ಟು ಬೇರೆ. ಫ್ರಾನ್ಸಿನ ಪಿಯರ್ ಡೆನ್ವಾ ಎಂಬ ಶಸ್ತ್ರವೈದ್ಯರು 1943ರಿಂದ 1952ರ ನಡುವೆ ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸುವ ಒಂದು ಕ್ರಮವನ್ನು ರೂಪಿಸಿದರು. ಗೆಡ್ಡೆ ಎಷ್ಟು ದೊಡ್ಡದು, ಹತ್ತಿರದ ಗ್ರಂಥಿಗಳಿಗೆ ಹಬ್ಬಿದೆಯೇ, ದೂರದ ಅಂಗಗಳಿಗೆ ಹೋಗಿದೆಯೇ ಎಂಬ ಮೂರು ಪ್ರಶ್ನೆಗಳು ಅದರ ಆಧಾರ. 2018ರಿಂದ ಬಳಕೆಗೆ ಬಂದ ಅದರ ಎಂಟನೆಯ ಪರಿಷ್ಕರಣೆಯಲ್ಲಿ, ಬಾಯಿಯ ಕ್ಯಾನ್ಸರಿನ ಮಟ್ಟಿಗೆ, ಹುಣ್ಣು ಎಷ್ಟು ಆಳಕ್ಕೆ ಇಳಿದಿದೆ, ಗ್ರಂಥಿಯ ಕವಚವನ್ನು ಒಡೆದು ಹೊರಗೆ ಚಾಚಿದೆಯೇ ಎಂಬ ಅಂಶಗಳೂ ಸೇರಿದವು. ಶಸ್ತ್ರಚಿಕಿತ್ಸೆಯ ನಂತರ ಕತ್ತರಿಸಿದ ಅಂಚಿನಲ್ಲಿ ರೋಗದ ಕಣಗಳು ಉಳಿದಿವೆಯೇ, ನರದ ಗುಂಟ ಹರಿದಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಲೆಕ್ಕವನ್ನು ಮತ್ತಷ್ಟು ತಿದ್ದುತ್ತಾರೆ. ಹಿಂದೆ ಇಂಥದೇ ಹಂತದಲ್ಲಿದ್ದ ಸಾವಿರಾರು ಜನರಲ್ಲಿ ಎಷ್ಟು ಮಂದಿ ಎಷ್ಟು ಕಾಲ ಬದುಕಿದರು ಎಂಬುದರ ಸಂಗ್ರಹವೇ ಕೊನೆಯಲ್ಲಿ ನಮ್ಮ ಮುಂದೆ ಬರುವ ಅಂಕಿ.

ಆದ್ದರಿಂದ ಆ ಅಂಕಿ ಸತ್ತವರ ಮತ್ತು ಬದುಕುಳಿದವರ ಒಟ್ಟು ಅನುಭವ. ಅದು ಮುಂದೆ ಕುಳಿತ ಒಬ್ಬ ಮನುಷ್ಯನ ಹಣೆಬರಹವಲ್ಲ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪೊರೆಯ ಅಪರೂಪದ ಕ್ಯಾನ್ಸರ್ ಬಂದಾಗ ಗ್ರಂಥಗಳು ಹೇಳುತ್ತಿದ್ದ ಮಧ್ಯಾಂಕ ಎಂಟು ತಿಂಗಳು. ಮಧ್ಯಾಂಕವೆಂದರೆ ಅರ್ಧದಷ್ಟು ಜನ ಅಷ್ಟರೊಳಗೆ ತೀರಿಕೊಳ್ಳುತ್ತಾರೆ ಎಂದಷ್ಟೇ ಅರ್ಥ. ಉಳಿದರ್ಧ ಜನರ ಆಯುಸ್ಸು ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲವೆಂದು ಅವರು 1985ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಆ ಬಳಿಕ ಅವರು ಬದುಕಿ, ಬರೆದು, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ನಿಧನರಾದರು. ಆದರೆ ಗೂಲ್ಡರ ಉದಾಹರಣೆಯನ್ನು ಹಿಡಿದು ‘ಅಂಕಿ ಸುಳ್ಳು, ಧೈರ್ಯವೇ ನಿಜ’ ಎನ್ನುವುದೂ ತಪ್ಪಾಗುತ್ತದೆ. ಅವರು ಅಂಕಿಯನ್ನು ತಳ್ಳಿಹಾಕಲಿಲ್ಲ. ಅದನ್ನು ಸರಿಯಾಗಿ ಓದಿದರು. ಓದಲು ಸಾಧ್ಯವಾದದ್ದು ಅದನ್ನು ಅವರಿಂದ ಯಾರೂ ಕೊನೆಗೂ ಮುಚ್ಚಿಡಲಾಗದೆ ಹೋದದ್ದರಿಂದ.

ಸಮೂಹದ ಲೆಕ್ಕ ನಿರರ್ಥಕವೂ ಅಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿಯ ಕ್ಯಾನ್ಸರಿನ ಆರಂಭದ ಹಂತದಲ್ಲಿದ್ದ, ಕುತ್ತಿಗೆಯಲ್ಲಿ ಇನ್ನೂ ಗಂಟು ಕಾಣಿಸದಿದ್ದ 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷದ ನಂತರ ಬದುಕುಳಿದವರು ಶೇಕಡ 80. ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಶೇಕಡ 67.5. ನೂರಕ್ಕೆ ಹನ್ನೆರಡೂವರೆ ಜೀವಗಳ ಅಂತರ. ಉಳಿದ ಆ ಹನ್ನೆರಡು ಜನ ಯಾರೆಂದು ಯಾವ ವೈದ್ಯನೂ ಬೆರಳು ಮಾಡಿ ತೋರಿಸಲಾರ. ಅವರು ಉಳಿದಿದ್ದಾರೆ ಎಂಬುದಂತೂ ಸತ್ಯ. ವ್ಯಕ್ತಿಯ ವಿಷಯದಲ್ಲಿ ಮೂಕವಾಗಿರುವ ಅಂಕಿ ಸಮೂಹದ ವಿಷಯದಲ್ಲಿ ಹೀಗೆ ಮಾತಾಡುತ್ತದೆ.

ಹಾಗಾದರೆ ಅದನ್ನು ರೋಗಿಗೆ ಹೇಳಬೇಕೇ? ಹೇಳಬಾರದೆಂಬ ಪಕ್ಷ ದುರ್ಬಲವಾದುದಲ್ಲ, ಪರದೇಶದಿಂದ ಬಂದುದೂ ಅಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಹನ್ನೆರಡು ಅಧ್ಯಾಯಗಳ ಭಾಗವು ಪೂರ್ತಿಯಾಗಿ ಮರಣವನ್ನು ಸೂಚಿಸುವ ಲಕ್ಷಣಗಳಿಗೆ, ಅಂದರೆ ಅರಿಷ್ಟಗಳಿಗೆ ಮೀಸಲು. ಅವನ್ನು ಗುರುತಿಸಲು ವೈದ್ಯನಿಗೆ ಅಷ್ಟು ವಿಸ್ತಾರವಾಗಿ ಕಲಿಸಿದ ಗ್ರಂಥವೇ, ಕೇಳದೆ ಅದನ್ನು ಹೇಳಬಾರದು, ಕೇಳಿದರೂ ರೋಗಿಗೆ ಅಥವಾ ಬಂಧುಗಳಿಗೆ ಆಘಾತವಾಗುವಂತಿದ್ದರೆ ಹೇಳಬಾರದು ಎಂದು ವಿಧಿಸುತ್ತದೆ. ಇದರ ಹಿಂದಿರುವುದು ಕರುಣೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದ ನನ್ನ ಹಿಂದೆಯೂ ಅದೇ ಕರುಣೆಯಿತ್ತು ಎಂದು ನಾನು ಬಹಳ ಕಾಲ ನಂಬಿದ್ದೆ.

ಆದರೆ ಎರಡು ಸಂದರ್ಭಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಅರಿಷ್ಟವು ಚಿಕಿತ್ಸೆಯ ಬಾಗಿಲು ಮುಚ್ಚಿದ ಮೇಲೆ ಕಾಣುವ ಲಕ್ಷಣ. ಅಲ್ಲಿ ರೋಗಿ ಆರಿಸಿಕೊಳ್ಳಬೇಕಾದುದು ಏನೂ ಉಳಿದಿಲ್ಲ. ಮೌನದಿಂದ ಅವನು ಕಳೆದುಕೊಳ್ಳುವುದು ಕಡಿಮೆ. ಶಸ್ತ್ರಚಿಕಿತ್ಸೆಗೆ ಮುಂಚೆ ಹೇಳುವ ಅಂಕಿ ಬಾಗಿಲು ತೆರೆದಿರುವಾಗಿನದು. ನಾಲಗೆಯ ಅರ್ಧವನ್ನು ಕೊಟ್ಟು ಎಷ್ಟು ಆಯುಸ್ಸಿನ ಸಾಧ್ಯತೆಯನ್ನು ಪಡೆಯುತ್ತೇನೆ ಎಂಬುದು ಒಂದು ವಿನಿಮಯ. ಕೊಡುವವನಿಗೆ ಬೆಲೆ ಮಾತ್ರ ತಿಳಿಸಿ, ಪಡೆಯುವ ವಸ್ತು ಏನೆಂದು ಮರೆಮಾಚಿದರೆ ಸಂತೆಯಲ್ಲಿ ಅದನ್ನು ಮೋಸ ಎನ್ನುತ್ತೇವೆ. ಮಾವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ನಿಜವಾಗಿ ಆ ಸಹಿ ನನ್ನದು.

ನಮ್ಮ ಪುರಾಣಗಳೂ ಈ ವಿಷಯದಲ್ಲಿ ಮೌನದ ಪರ ನಿಂತಿಲ್ಲ. ಏಳು ದಿನದಲ್ಲಿ ಮರಣವೆಂದು ತಿಳಿದ ಪರೀಕ್ಷಿತ ಆ ಏಳು ದಿನವನ್ನು ಭಾಗವತ ಶ್ರವಣಕ್ಕೆ ಕೊಟ್ಟ. ಸತ್ಯವಾನನಿಗೆ ಒಂದೇ ವರ್ಷದ ಆಯುಸ್ಸೆಂದು ನಾರದರು ಹೇಳಿದ್ದನ್ನು ಸಾವಿತ್ರಿ ಎದೆಯಲ್ಲಿಟ್ಟುಕೊಂಡು ದಿನ ಎಣಿಸಿದಳು; ಗಡುವು ಹತ್ತಿರವಾದಾಗ ಮೂರು ದಿನದ ವ್ರತ ಹಿಡಿದು, ಆ ದಿನ ಗಂಡನ ಜೊತೆ ಕಾಡಿಗೆ ಹೋದಳು. ತಿಳಿದಿದ್ದರಿಂದಲೇ ಅವಳು ಅಲ್ಲಿದ್ದಳು. ನನ್ನ ಚಿಕ್ಕಂದಿನಲ್ಲಿ ಈ ಕಥೆ ಕೇಳುವಾಗ ಏಳದಿದ್ದ ಒಂದು ಪ್ರಶ್ನೆ ಈಗ ಏಳುತ್ತದೆ: ಸತ್ಯವಾನನಿಗೆ ಯಾರೂ ಏಕೆ ಹೇಳಲಿಲ್ಲ? ಆ ವರ್ಷವನ್ನು ಅವನು ಹೇಗೆ ಬಳಸುತ್ತಿದ್ದ? ಕಥೆ ಸುಖವಾಗಿ ಮುಗಿಯುವುದರಿಂದ ನಾವು ಆ ಪ್ರಶ್ನೆಯನ್ನು ಕೇಳುವುದಿಲ್ಲ.

ನನ್ನ ಮಾವನ ವರ್ಷಗಳು ಹೀಗೆ ಕಳೆದವು. ತಂದೆಯ ಜಮೀನಿನ ಪಾಲಿನ ವಿಷಯವಾಗಿ ಅವರಿಗೂ ಊರಲ್ಲಿದ್ದ ತಮ್ಮನಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಏಳೆಂಟು ತಿಂಗಳಾದ ಮೇಲೆ, ರೋಗ ಮರುಕಳಿಸಿದೆ ಎಂಬುದು ನಾವು ಹೇಳದೆಯೂ ಅವರಿಗೆ ತಿಳಿದಾಗ, ತಮ್ಮನ ಮನೆಗೆ ಕರೆದುಕೊಂಡು ಹೋಗೆಂದು ಸನ್ನೆ ಮಾಡಿದರು. ಬಂಡೀಪುರದ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆಂದು ಬೆಳಿಗ್ಗೆಯೇ ಹೊರಟೆವು. ತಮ್ಮ ಜಗಲಿಗೆ ಬಂದು ನಿಂತರು. ಮಾವ ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ಉಳಿದಿದ್ದ ನಾಲಗೆಯಿಂದ ಹೊರಟದ್ದು ಸ್ವರ ಮಾತ್ರ, ಅಕ್ಷರಗಳಲ್ಲ. ತಮ್ಮ ನನ್ನ ಮುಖ ನೋಡಿದರು, ಆಸ್ಪತ್ರೆಯಲ್ಲಿ ಮಾವ ನೋಡಿದ ಹಾಗೆಯೇ. ನನಗೂ ಒಂದು ಮಾತು ಅರ್ಥವಾಗಲಿಲ್ಲ. ಅವರು ಕ್ಷಮೆ ಕೇಳಿದರೋ, ಪಾಲು ಕೇಳಿದರೋ, ಬಾಲ್ಯದ ಯಾವುದನ್ನೋ ನೆನೆದರೋ ಇಂದಿಗೂ ನಮಗೆ ಗೊತ್ತಿಲ್ಲ. ಅಣ್ಣತಮ್ಮಂದಿರು ಕೈಹಿಡಿದುಕೊಂಡು ಕುಳಿತರು ಎಂಬುದು ನಿಜ. ಅದು ಸಾಲುತ್ತದೆಂದು ನನ್ನನ್ನು ಸಮಾಧಾನಪಡಿಸುವವರು ಇದ್ದಾರೆ. ಆದರೆ ಆ ಮಾತನ್ನು ನಾಲಗೆ ಪೂರ್ತಿಯಾಗಿದ್ದಾಗ ಆಡಿಬಿಡುವ ಹದಿನೈದು ದಿನಗಳು ಅವರಿಗಿದ್ದವು. ಅಂಕಿ ತಿಳಿದಿದ್ದರೆ ಅವರು ಆ ಹದಿನೈದು ದಿನಗಳಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತುತ್ತಿದ್ದರೆಂದು ನಾನು ನಂಬುತ್ತೇನೆ.

ಬೇರೆ ಕಾಯಿಲೆಗಳಲ್ಲಿ ಸತ್ಯವನ್ನು ಮುಂದೂಡಿದರೆ ಮುಂದೆ ಯಾವಾಗಲಾದರೂ ಹೇಳಬಹುದು, ರೋಗಿ ಆಗ ಮಾತಾಡಬಹುದು. ಬಾಯಿಯ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಚಿಕಿತ್ಸೆಯೇ ಮಾತನ್ನು ಒಯ್ಯುತ್ತದೆ. ಪ್ರಶ್ನೆ ಕೇಳುವ, ಜಗಳವಾಡುವ, ಆಸ್ತಿ ಹಂಚುವ, ಮೊಮ್ಮಕ್ಕಳಿಗೆ ಕಥೆ ಹೇಳುವ ಶಕ್ತಿ ಉಳಿದಿರುವುದು ಶಸ್ತ್ರಚಿಕಿತ್ಸೆಯ ಹಿಂದಿನ ದಿನದವರೆಗೆ ಮಾತ್ರ ಆಗಿರಬಹುದು. ಆದ್ದರಿಂದ ಇಲ್ಲಿ ಸತ್ಯಕ್ಕೆ ಮುಹೂರ್ತವಿದೆ. ಅದು ಮೀರಿದರೆ ಹೇಳಿದರೂ ಹೇಳಿದಂತಾಗುವುದಿಲ್ಲ.

ಮಾವ 26 ತಿಂಗಳು ಬದುಕಿದರು. ವೈದ್ಯರ ಅಂಕಿ ಸುಳ್ಳಾಯಿತೆನ್ನಲಾರೆ, ನಿಜವಾಯಿತೆನ್ನಲೂ ಆರೆ. ಹತ್ತರಲ್ಲಿ ನಾಲ್ವರು ಎಂಬ ಮಾತನ್ನು ಒಬ್ಬ ಮನುಷ್ಯನ ಸಾವು ಸಾಧಿಸಲಾರದು, ಖಂಡಿಸಲೂ ಆರದು. ಸುಳ್ಳಾದದ್ದು ನನ್ನ ‘ಗುಣವಾಗುತ್ತದಂತೆ’ ಎಂಬ ಮಾತು ಮಾತ್ರ.

ಪ್ರೀತಿಯುಳ್ಳವರು ಆಯುಸ್ಸನ್ನು ಹಿಗ್ಗಿಸಿ ಹೇಳುತ್ತಾರೆ ಎಂಬುದಕ್ಕೆ ನನ್ನೊಬ್ಬನ ಸಾಕ್ಷಿ ಸಾಲದಿದ್ದರೆ ಒಂದು ಅಧ್ಯಯನವಿದೆ. ಷಿಕಾಗೋದಲ್ಲಿ ಅಂತಿಮ ಹಂತದ 468 ರೋಗಿಗಳ ಬಗ್ಗೆ ಅವರವರ ವೈದ್ಯರು ಮಾಡಿದ ಊಹೆಯನ್ನು ಕ್ರಿಸ್ಟಾಕಿಸ್ ಮತ್ತು ಲ್ಯಾಮಾಂಟ್ ಎಂಬ ಸಂಶೋಧಕರು ದಾಖಲಿಸಿ 2000ದಲ್ಲಿ ಪ್ರಕಟಿಸಿದರು. ಊಹೆ ಸರಿಸುಮಾರು ನಿಜವಾದದ್ದು ನೂರಕ್ಕೆ ಇಪ್ಪತ್ತರಲ್ಲಿ. ನೂರಕ್ಕೆ 63ರಲ್ಲಿ ವೈದ್ಯರು ನಿಜಕ್ಕಿಂತ ಹೆಚ್ಚು ಕಾಲವನ್ನು ಊಹಿಸಿದ್ದರು. ಇನ್ನೂ ಗಮನಿಸಬೇಕಾದುದೆಂದರೆ, ರೋಗಿಯೊಡನೆ ಪರಿಚಯ ಹೆಚ್ಚು ಕಾಲದ್ದಾದಷ್ಟೂ ಊಹೆ ಹೆಚ್ಚು ತಪ್ಪುತ್ತಿತ್ತು. ವೃತ್ತಿಯವರ ಸ್ಥಿತಿಯೇ ಹೀಗಿದ್ದರೆ ಬಂಧುಗಳ ಮಾತೇನು? ಆದ್ದರಿಂದಲೇ ಅಂಕಿಯನ್ನು ಅದರ ಅನಿಶ್ಚಯದೊಡನೆ ಹೇಳಬೇಕು. ‘ಐದು ವರ್ಷ’ ಎಂದು ವಾಗ್ದಾನ ಮಾಡುವುದೂ ‘ಒಂದು ವರ್ಷ’ ಎಂದು ತೀರ್ಪು ಕೊಡುವುದೂ ಸಮಾನವಾದ ಅಸತ್ಯಗಳು. ‘ನಿಮ್ಮಂಥ ಹತ್ತು ಜನರಲ್ಲಿ ಇಷ್ಟು ಮಂದಿ, ನೀವು ಯಾವ ಕಡೆಯವರೆಂದು ನಮಗೆ ತಿಳಿಯದು, ಒಳ್ಳೆಯದಕ್ಕೆ ಪ್ರಯತ್ನಿಸೋಣ, ಇನ್ನೊಂದಕ್ಕೂ ಸಿದ್ಧರಾಗಿರೋಣ’ ಎಂಬಷ್ಟು ಮಾತು ಯಾವ ಹಳ್ಳಿಯವನಿಗೂ ಅರ್ಥವಾಗುತ್ತದೆ. ಮಳೆಯನ್ನು ನಂಬಿ ಬಿತ್ತುವವನಿಗೆ ಅನಿಶ್ಚಯವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ತಿಳಿಯಬಾರದೆಂದು ಬಯಸುವವರೂ ಇದ್ದಾರೆ. ಅವರ ಬಯಕೆಯೂ ಗೌರವಾರ್ಹ. ಆದ್ದರಿಂದ ಮೊದಲ ಪ್ರಶ್ನೆ ‘ಎಷ್ಟು ದಿನ’ ಎಂಬುದಲ್ಲ, ‘ನಿಮಗೆ ಎಷ್ಟು ತಿಳಿಯಬೇಕು’ ಎಂಬುದು. ಕೇಳಬೇಕಾದುದು ರೋಗಿಯನ್ನು, ಅವರ ಮಗನನ್ನಲ್ಲ, ಅಳಿಯನನ್ನಲ್ಲ. ಬೇಡವೆಂದರೆ ಆ ಮೌನ ಅವರು ಆರಿಸಿಕೊಂಡದ್ದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಅವರ ಪರವಾಗಿ ನಾವು ಆರಿಸುವುದು.

ಈ ಅಂಕಿಯ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಅದು ರೋಗವನ್ನಷ್ಟೇ ಅಳೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಬೇಕಾದವರಿಗೆ ಅದು ಸಾಮಾನ್ಯವಾಗಿ ಆರು ವಾರಗಳೊಳಗೆ ಆರಂಭವಾಗಬೇಕು; ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯಬೇಕು. ತಡವಾದರೆ, ನಡುವೆ ತಪ್ಪಿದರೆ, ಫಲ ಕುಂದುತ್ತದೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಕಲ್ಲಟ್ಟಿ ಘಟ್ಟದ 36 ತಿರುವುಗಳು. ಅಲ್ಲಿಂದ ಬಯಲಿಗೆ ಇನ್ನೊಂದು ಘಟ್ಟ. ಆರು ವಾರ ಕೆಳಗೆ ಉಳಿಯಲು ಕೋಣೆ, ಗಂಜಿ ಕಾಯಿಸಿ ಕೊಡುವ ಕೈ, ಬಿಟ್ಟುಬಂದ ಹೊಲಕ್ಕೆ ಕಾವಲು, ಇವೆಲ್ಲ ಬೇಕು. ಮಾವ ಎರಡು ಬಾರಿ ನಡುವೆ ಮನೆಗೆ ಬಂದುಬಿಟ್ಟರು. ಹೀಗೆ ದೂರ, ಬಡತನ, ಒಂಟಿತನಗಳೂ ಅಂಕಿಯೊಳಗೆ ಸೇರಿಕೊಂಡಿವೆ. ಅದರಲ್ಲಿ ಒಂದು ಪಾಲು ವಿಧಿಯದಾದರೆ ಇನ್ನೊಂದು ಪಾಲು ನೆರೆಹೊರೆಯದು. ನೆರೆಹೊರೆಯ ಪಾಲನ್ನು ಬದಲಾಯಿಸಬಹುದು.

ರೋಗ ಬರುವ ಮುಂಚಿನ ಪಾಲೂ ಒಂದಿದೆ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿಯೇ ನಿರ್ಣಯಿಸಿದ್ದಾರೆ. ನಮ್ಮ ನೆರೆಯ ಕೇರಳದ ತಿರುವನಂತಪುರದಲ್ಲಿ ನಡೆದ, 2005ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ದರಿಂದಲೇ, ತಂಬಾಕು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಮರಣ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿತು. ಅದಕ್ಕೆ ಬೇಕಾದದ್ದು ಬೆಳಕು ಮತ್ತು ನೋಡುವ ಕಣ್ಣು. ಮಾವನ ಹುಣ್ಣನ್ನು ಮೂರು ತಿಂಗಳು ನಾವೆಲ್ಲರೂ ನೋಡಿದ್ದೆವು. ನೋಡಿ ‘ಉಷ್ಣ’ ಎಂದಿದ್ದೆವು.

ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಈ ಜಿಲ್ಲೆಯಲ್ಲಿ ನಾವು ಕನ್ನಡವನ್ನು ಉಳಿಸಿಕೊಳ್ಳುವ ಮಾತಾಡುವಾಗ ಶಾಲೆ, ಪುಸ್ತಕ, ರಾಜ್ಯೋತ್ಸವಗಳನ್ನು ನೆನೆಯುತ್ತೇವೆ. ಒಬ್ಬ ಮನುಷ್ಯನಿಗೆ ತನ್ನ ಭಾಷೆ ಅತ್ಯಂತ ಅಗತ್ಯವಾಗುವ ಗಳಿಗೆ ಯಾವುದು? ತನ್ನ ಆಯುಸ್ಸಿನ ವಿಷಯ ಕೇಳಿಸಿಕೊಳ್ಳುವ ಗಳಿಗೆ ಅದು. ಅಲ್ಲಿ ಪಕ್ಕದಲ್ಲಿ ಕುಳಿತು, ಕೂಡಿಸದೆ ಕಳೆಯದೆ, ವೈದ್ಯರು ಆಡಿದಷ್ಟನ್ನೂ ಕನ್ನಡದಲ್ಲಿ ಅಥವಾ ಬಡಗದಲ್ಲಿ ಹೇಳುವ, ರೋಗಿ ಕೇಳಿದಷ್ಟನ್ನೂ ವೈದ್ಯರಿಗೆ ಮುಟ್ಟಿಸುವ, ಬಂಧುವಲ್ಲದ ಒಬ್ಬರು ಬೇಕು. ಬಂಧು ಬೇಡ ಎನ್ನುವುದಕ್ಕೆ ಕಾರಣ ನಾನೇ. ನಮ್ಮ ಸಂಘದಲ್ಲಿ ಮೂರು ಭಾಷೆ ಬಲ್ಲ ನಿವೃತ್ತ ಶಿಕ್ಷಕರು, ಅಂಚೆಯವರು, ಬ್ಯಾಂಕಿನವರು ಇದ್ದಾರೆ. ತಿಂಗಳಿಗೆ ಎರಡು ದಿನ ಕೊಡಲು ಆರು ಜನ ಮುಂದೆ ಬಂದರೆ ಸಾಕು. ಮೊದಲ ಹೆಸರು ನನ್ನದಿರಲಿ.

ವೀರರಾಯ ಹಣ ಈಗ ಯಾರ ಪೆಟ್ಟಿಗೆಯಲ್ಲಿ ಉಳಿದಿದೆಯೋ ತಿಳಿಯದು. ಮಾವನಿಗೆ ಕೊಡಲು ನಮ್ಮಲ್ಲಿ ಚಿನ್ನವಿರಲಿಲ್ಲ, ಅದು ನಮ್ಮ ಪದ್ಧತಿಯೂ ಅಲ್ಲ. ಕೊಡಬಹುದಾಗಿದ್ದದ್ದು ಘಟ್ಟದ ಬಸ್ಸಿನಲ್ಲಿ ಅವರು ಬಾಯಿಬಿಟ್ಟು ಕೇಳಿದ ಒಂದು ಉತ್ತರ. “ಇಷ್ಟೇಯಾ?” ಎಂದು ಕೇಳಿದಾಗ “ಇಷ್ಟೇ ಅಲ್ಲ ಮಾವ, ಇನ್ನೂ ಇದೆ, ಕೇಳುತ್ತೀರಾ?” ಎಂದು ನಾನು ಹೇಳಬಹುದಾಗಿತ್ತು. ಮಸಿನಗುಡಿ ತಲುಪಲು ಇನ್ನೂ ನಾಲ್ಕು ಗಂಟೆಯ ದಾರಿಯಿತ್ತು.